ನಿಮ್ಮೂರಿನ ಹಳೇ ಅಂಚೆ ಕಚೇರಿಯ ಚರಿತ್ರೆ ಹುಡುಕುವ ಬಗೆ

ಮೂಲೆ ಹಳ್ಳಿಗಳಲ್ಲಿ ಒಂದು ಮಾತು ಕೇಳಿಬರುತ್ತಲೇ ಇರುತ್ತದೆ: "ನಮ್ಮೂರ ಪೋಸ್ಟಾಫೀಸು ಬ್ರಿಟಿಷರ ಕಾಲದ್ದು." ಯಾವ ವರ್ಷದ್ದು? ಚೀಲ ಎಲ್ಲಿಂದ ಬರುತ್ತಿತ್ತು? ಹೊತ್ತು ತರುತ್ತಿದ್ದವರು ಯಾರು? ತಂತಿ (ಟೆಲಿಗ್ರಾಫು) ಯಾವಾಗ ಬಂತು? ಇಷ್ಟು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಉತ್ತರ ಇಲ್ಲ ಅಂತಲ್ಲ. ಒಂದು ಚೂರು ನಿಮ್ಮ ಮನೆಯ ಅಟ್ಟದ ಮೇಲಿದೆ, ಇನ್ನೊಂದು ಪಕ್ಕದೂರಿನ ಅಜ್ಜನ ನೆನಪಿನಲ್ಲಿದೆ, ಮತ್ತೊಂದು ಚೆನ್ನೈಯಲ್ಲೋ ಮುಂಬೈಯಲ್ಲೋ ಕಡತದೊಳಗಿದೆ.

ನಾನು ಉತ್ತರ ಕನ್ನಡದ ಘಟ್ಟದ ಮೇಲಿನವಳು. ನಮ್ಮ ಸೀಮೆಯ ಹಳೇ ಅಂಚೆ, ತಂತಿ ಕಚೇರಿಗಳ ವಿವರ ಕೂಡಿಸುವುದು ಎಷ್ಟೋ ವರ್ಷಗಳಿಂದ ನನ್ನ ಕೆಲಸ. ಈ ಕೆಲಸಕ್ಕೆ ಇಳಿಯುವವರಿಗೆ ನಾನು ಮೊದಲು ಹೇಳುವುದು ಒಂದೇ: ಕಟ್ಟಡದ ಹಿಂದೆ ಹೋಗಬೇಡಿ, ಚೀಲದ ಹಿಂದೆ ಹೋಗಿ. ಹಳ್ಳಿಯ ಅಂಚೆ ಕಚೇರಿ ಎಷ್ಟೋ ಸಲ ಶಾಲೆ ಮಾಸ್ತರರ ಮನೆ ಜಗಲಿಯಲ್ಲೇ ಇರುತ್ತಿತ್ತು. ಮಾಸ್ತರರಿಗೆ ವರ್ಗವಾದರೆ ಕಚೇರಿಯೂ ಬೇರೆ ಮನೆಗೆ ಹೋಗುತ್ತಿತ್ತು. ಚೀಲ ಬರುವ ದಾರಿ ಮಾತ್ರ ಸುಲಭಕ್ಕೆ ಬದಲಾಗುತ್ತಿರಲಿಲ್ಲ. ಆ ದಾರಿ ಗೊತ್ತಾದರೆ ಯಾವ ದೊಡ್ಡ ಕಚೇರಿಗೆ ನಿಮ್ಮೂರು ಲೆಕ್ಕ ಕೊಡುತ್ತಿತ್ತು ಅನ್ನುವುದು ತಿಳಿಯುತ್ತದೆ. ಅದು ತಿಳಿದರೆ ಕಾಗದಪತ್ರ ಎಲ್ಲಿ ಹುಡುಕಬೇಕು ಅನ್ನುವುದೂ ತಿಳಿಯುತ್ತದೆ.

ಆಗ ನಿಮ್ಮೂರು ಯಾರ ಆಳ್ವಿಕೆಯಲ್ಲಿತ್ತು?

ಬೇರೆ ಏನು ಮಾಡುವ ಮೊದಲೂ ಇದನ್ನು ಬರೆದಿಟ್ಟುಕೊಳ್ಳಿ. ಇವತ್ತಿನ ಕರ್ನಾಟಕದ ನಕ್ಷೆ ಹಿಡಿದು ಹೊರಟರೆ ದಾರಿ ತಪ್ಪುವುದು ಖಂಡಿತ.

ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯ ಬ್ರಿಟಿಷ್ ಭಾಗ ಮುಂಬೈ ಪ್ರಾಂತ್ಯದಲ್ಲಿತ್ತು. ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಮದ್ರಾಸಿನಲ್ಲಿದ್ದವು. ನಮ್ಮ ಉತ್ತರ ಕನ್ನಡದ ಕತೆ ಇನ್ನೂ ವಿಚಿತ್ರ. 1862ರವರೆಗೆ ಇದೂ ಮದ್ರಾಸಿನದೇ, ಆಮೇಲೆ ಮುಂಬೈಗೆ ಸೇರಿತು. ಹಾಗಾಗಿ ಕಾರವಾರ, ಹೊನ್ನಾವರ, ಶಿರಸಿಯ 1850ರ ದಶಕದ ಟಪ್ಪಾಲಿನ ವಿಷಯ ಬೇಕಾದರೆ ಚೆನ್ನೈ ಕಡತ ನೋಡಬೇಕು, 1870ರದ್ದಕ್ಕೆ ಮುಂಬೈ ಕಡತ. ಕೊಡಗನ್ನು ಬ್ರಿಟಿಷರು ತೆಗೆದುಕೊಂಡಿದ್ದು 1834ರಲ್ಲಿ. ಆದರೆ ಕೊಡಗಿನ ರಾಜರ ಕೈಯಲ್ಲಿದ್ದ ಅಮರ ಸುಳ್ಯ, ಪುತ್ತೂರಿನ ಕಡೆಯ ಭಾಗಗಳು ಆಗ ಕೆನರಾ ಜಿಲ್ಲೆಗೆ (ಉತ್ತರ, ದಕ್ಷಿಣ ಕನ್ನಡ ಎರಡೂ ಒಂದಾಗಿದ್ದ ಜಿಲ್ಲೆ) ಸೇರಿದವು. ಸುಳ್ಯದವರು ಮಡಿಕೇರಿ ದಾಖಲೆಯಲ್ಲಿ ಹುಡುಕಿ ಏನೂ ಸಿಗಲಿಲ್ಲ ಅಂತ ಬೇಸರ ಪಡುವುದಕ್ಕೆ ಇದೇ ಕಾರಣ.

ಮೈಸೂರು ಸೀಮೆಯವರಿಗೆ ಕೆಲಸ ಜಾಸ್ತಿ, ಖುಷಿಯೂ ಜಾಸ್ತಿ. ಅಲ್ಲಿ ಸಂಸ್ಥಾನದ್ದೇ ಆದ ಮೈಸೂರು ಅಂಚೆ ಇತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 17ನೇ ಶತಮಾನದಲ್ಲಿ ಶುರುವಾದದ್ದು. ಬ್ರಿಟಿಷ್ ಭಾರತದ ಅಂಚೆಯಲ್ಲಿ ಅದು ವಿಲೀನವಾದದ್ದು 1889ರಲ್ಲಿ. ಅಲ್ಲಿಯತನಕ ದೊಡ್ಡ ಊರುಗಳಲ್ಲಿ ಎರಡೂ ಅಂಚೆಗಳಿದ್ದವು. ಒಳನಾಡಿನ ಹೋಬಳಿಗಳಿಗೆ ಮೈಸೂರು ಅಂಚೆಯೇ ಗತಿ. ಆದ್ದರಿಂದ ಬ್ರಿಟಿಷರ ಪಟ್ಟಿಯಲ್ಲಿ ನಿಮ್ಮೂರು 1890ರ ಆಸುಪಾಸಿನಲ್ಲಿ ಮೊದಲ ಸಲ ಕಂಡರೆ, ಅಂಚೆ ಆಗಷ್ಟೇ ಬಂತು ಅಂತ ಬರೆಯಬೇಡಿ. ಅದಕ್ಕೂ ಎಷ್ಟೋ ಮೊದಲಿಂದ ಅಲ್ಲಿ ಅಂಚೆ ಇದ್ದಿರಬಹುದು, ಹೆಸರು ಹಲಗೆ ಮಾತ್ರ ಬದಲಾಗಿರಬಹುದು.

ಇನ್ನೊಂದು ಗುರುತು ನೆನಪಿಡಿ. ಮೈಸೂರು ಅಂಚೆ ತನ್ನದೇ ಅಂಚೆಚೀಟಿ ಹೊರಡಿಸಲಿಲ್ಲ. ಹಳೇ ಪತ್ರದ ಮೇಲೆ ಮೈಸೂರು ಸಂಸ್ಥಾನದ ಚೀಟಿ ಅಂಟಿಸಿದ್ದರೆ ಅದು ಕೋರ್ಟು ಫೀಸಿನದ್ದೋ ರಸೀದಿಯದ್ದೋ ಆಗಿರುತ್ತದೆ, ಟಪ್ಪಾಲಿನದ್ದಲ್ಲ. ಮೈಸೂರು ಅಂಚೆಯಲ್ಲಿ ಹೋದ ಪತ್ರಗಳನ್ನು ಕೈಮುದ್ರೆಯಿಂದಲೇ ಗುರುತಿಸಬೇಕು.

ರಾಯಚೂರು, ಕಲಬುರಗಿ, ಬೀದರಿನವರಿಗೆ ನಿಜಾಮರ ಅಂಚೆ. ಹೈದರಾಬಾದು ಸಂಸ್ಥಾನ 1869ರಿಂದ ಸ್ವಂತ ಚೀಟಿಗಳನ್ನು ಹೊರಡಿಸಿತು. ಆದರೆ ದಂಡು ಬೀಡುಬಿಟ್ಟ ಕಡೆ, ರೈಲು ಬಂದ ಕಡೆ ಬ್ರಿಟಿಷ್ ಅಂಚೆಯೂ ಇತ್ತು. ಲಿಂಗಸುಗೂರು ಅಂಥದ್ದೊಂದು ದಂಡಿನ ಊರು. ಅದೂ ಅಲ್ಲದೆ ರಾಯಚೂರು ದೋಆಬ (ಕೃಷ್ಣೆ, ತುಂಗಭದ್ರೆಯ ನಡುವಿನ ಸೀಮೆ) 1853ರಿಂದ 1860ರವರೆಗೆ ಬ್ರಿಟಿಷರ ಕೈಯಲ್ಲೇ ಇತ್ತು. ಆ ಏಳು ವರ್ಷದ ಕಾಗದಪತ್ರ ನಿಜಾಮರ ದಾಖಲೆಯಲ್ಲಿ ಹುಡುಕಿ ಫಲವಿಲ್ಲ. ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸಂಡೂರು ಇವೆಲ್ಲ ಬೇರೆ ಬೇರೆ ಸಣ್ಣ ಸಂಸ್ಥಾನಗಳು. ಅಲ್ಲಿಯವರು ಸಂಸ್ಥಾನದ ಕಾಗದ, ಬ್ರಿಟಿಷ್ ಏಜೆಂಟರ ಕಾಗದ ಎರಡನ್ನೂ ನೋಡಬೇಕು.

ಅಟ್ಟದ ಪೆಟ್ಟಿಗೆ

ಪತ್ರಾಗಾರಕ್ಕೆ ಬಸ್ಸು ಹತ್ತುವ ಮೊದಲು ಮನೆಯ ಅಟ್ಟ ಹತ್ತಿ. ಅಡಿಕೆ ವ್ಯಾಪಾರದ ಮನೆ, ಕಾಫಿ ತೋಟದ ಬಂಗಲೆ, ದೇವಸ್ಥಾನದ ಮೊಕ್ತೇಸರರ ಮನೆ, ಶಾನುಭೋಗರ ಮನೆ, ವಕೀಲರ ಮನೆ. ಇಂಥ ಕಡೆ ನೂರು ವರ್ಷದ ಹಿಂದಿನ ಕಾರ್ಡು, ಲಕೋಟೆ ಇದ್ದೇ ಇರುತ್ತವೆ. ಹಳೇ ಮನೆ ಕೆಡವಿ ಹೊಸ ಮನೆ ಕಟ್ಟುವಾಗ ಇವೆಲ್ಲ ರದ್ದಿಗೆ ಹೋಗುತ್ತಿವೆ. ನಿಮ್ಮ ನೆಂಟರಲ್ಲಿ ಯಾರಾದರೂ ಮನೆ ಕೆಡವುತ್ತಿದ್ದರೆ ಈ ವಾರವೇ ಫೋನು ಮಾಡಿ. ಇದರಲ್ಲಿ ತಡ ಮಾಡುವ ಹಾಗೇ ಇಲ್ಲ.

ಸಿಕ್ಕಿದ ಪತ್ರವನ್ನು ಹೇಗೆ ಮುಟ್ಟಬೇಕು ಅಂತ ಹೇಳುತ್ತೇನೆ. ಚೀಟಿ ಕತ್ತರಿಸಬೇಡಿ, ನೀರಿನಲ್ಲಿ ನೆನೆಸಿ ಬಿಡಿಸಬೇಡಿ. ಒಂದು ಕಾಲದಲ್ಲಿ ಚೀಟಿ ಕೂಡಿಸುವ ಹುಡುಗರು ಸಾವಿರಾರು ಲಕೋಟೆಗಳ ಮೂಲೆ ಕತ್ತರಿಸಿದ್ದಾರೆ. ಆ ಮೂಲೆಯ ಜತೆಗೇ ಊರಿನ ಮುದ್ರೆಯ ಅರ್ಧ ಭಾಗವೂ ಹೋಯಿತು. ನಮಗೆ ಚೀಟಿಗಿಂತ ಮುದ್ರೆ ಮುಖ್ಯ. ಹರಿದಿದ್ದರೆ ಟೇಪು ಅಂಟಿಸಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಲಕೋಟೆ ಮತ್ತು ಒಳಗಿನ ಪತ್ರವನ್ನು ಬೇರೆ ಮಾಡಬೇಡಿ. ಯಾವ ಮನೆಯಲ್ಲಿ, ಯಾವ ಪೆಟ್ಟಿಗೆಯಲ್ಲಿ ಸಿಕ್ಕಿತು ಅನ್ನುವುದನ್ನು ಬೇರೆ ಕಾಗದದ ಚೂರಿನಲ್ಲಿ ಪೆನ್ಸಿಲಿನಿಂದ ಬರೆದು ಜತೆಗಿಡಿ.

ಫೋಟೋ ತೆಗೆಯಲು ಬಿಸಿಲು ನೇರ ಬೀಳದ ಕಿಟಕಿ ಸಾಕು. ಬೆಳಕು ಪಕ್ಕದಿಂದ ಬರಲಿ. ಮುದ್ರೆ ಹೊಡೆಯುವಾಗ ಕಾಗದದ ಮೇಲೆ ಬಿದ್ದ ಒತ್ತು ಆಗ ಎದ್ದು ಕಾಣುತ್ತದೆ, ಮಸಿ ಮಾಸಿದ್ದರೂ ಅಕ್ಷರ ಹಿಡಿಯಬಹುದು. ಎರಡೂ ಬದಿಯ ಫೋಟೋ ತೆಗೆಯಿರಿ. ಲಕೋಟೆಯಾದರೆ ಹಿಂಬದಿಯೇ ಹೆಚ್ಚು ಮಾತಾಡುತ್ತದೆ. ಕಳಿಸಿದ ಊರು ಮುಂದೆ ಚೀಟಿಯ ಮೇಲೆ ಮುದ್ರೆ ಹೊಡೆದರೆ, ದಾರಿಯ ಊರು ಮತ್ತು ತಲುಪಿದ ಊರು ಹಿಂದೆ ಹೊಡೆಯುತ್ತಿದ್ದವು.

ನನ್ನ ಹತ್ತಿರ ಇರುವ ಒಂದು ಕಾರ್ಡನ್ನೇ ನೋಡೋಣ. ಅಡಿಕೆ ಮಂಡಿಯವರ ಮನೆಯಲ್ಲಿ, ಲೆಕ್ಕದ ಪುಸ್ತಕದೊಳಗೆ ಸಿಕ್ಕಿದ್ದು. ಮೇಲೆ ಇಂಗ್ಲಿಷಿನಲ್ಲಿ ಈಸ್ಟ್ ಇಂಡಿಯಾ ಪೋಸ್ಟ್ ಕಾರ್ಡ್ ಅಂತ ಅಚ್ಚಾಗಿದೆ. ಬಲಮೂಲೆಯಲ್ಲಿ ಕಂದು ಬಣ್ಣದ ರಾಣಿ ತಲೆ, ಬೆಲೆ ಕಾಲಾಣೆ. ಇಷ್ಟರಿಂದಲೇ ಇದು 1879ಕ್ಕಿಂತ ಹಿಂದಿನದಲ್ಲ ಅಂತ ಖಾತ್ರಿಯಾಯಿತು, ಯಾಕೆಂದರೆ ಭಾರತದಲ್ಲಿ ಕಾರ್ಡು ಬಂದದ್ದೇ ಆ ವರ್ಷ. ರಾಣಿಯ ಮುಖದ ಮೇಲೆ ಕುಮಟೆಯ ಗುಂಡು ಮುದ್ರೆ, ತಿಂಗಳು ಜುಲೈ. ಎಡಗಡೆ ಶಿರಸಿಯ ಮುದ್ರೆ, ದಿನಾಂಕ ಮಾರನೇ ದಿನದ್ದು. ವಿಳಾಸ ಕನ್ನಡದಲ್ಲಿದೆ. ಅದರ ಕೆಳಗೆ ಯಾರೋ ಬೇರೆ ಮಸಿಯಲ್ಲಿ ಊರ ಹೆಸರನ್ನಷ್ಟೇ ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಅದು ಅಂಚೆಯವರದೇ ಕೈ. ಚೀಲ ವಿಂಗಡಿಸುವವರಿಗೆ ಅನುಕೂಲವಾಗಲಿ ಅಂತ ಹಾಗೆ ಬರೆಯುತ್ತಿದ್ದರು.

ಈಗ ಯೋಚಿಸಿ. ಜುಲೈ ಅಂದರೆ ಆಷಾಢದ ಮಳೆ. ಕುಮಟೆಯಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತಬೇಕು. ಆ ಕಾಲದಲ್ಲಿ ಮೋಟಾರು ಇಲ್ಲ. ಆದರೂ ಕಾರ್ಡು ಒಂದೇ ದಿನದಲ್ಲಿ ಮೇಲೆ ಬಂದಿದೆ. ಅಂದರೆ ದಾರಿಯುದ್ದಕ್ಕೂ ಕೈಯಿಂದ ಕೈಗೆ ಚೀಲ ದಾಟಿಸುವ ಓಟದ ಆಳುಗಳು ಇದ್ದರು, ರಾತ್ರಿಯೂ ನಡೆಯುತ್ತಿದ್ದರು. ಕಾರ್ಡಿನಲ್ಲಿ ಬರೆದದ್ದು ಅಡಿಕೆ ಧಾರಣೆಯ ಎರಡು ಸಾಲು, ಅಷ್ಟೇ. ಆದರೆ ಎರಡು ಮುದ್ರೆಗಳ ನಡುವಿನ ಆ ಒಂದು ದಿನದಲ್ಲಿ ಹೆಸರಿಲ್ಲದ ಎಷ್ಟೋ ಜನರ ದುಡಿಮೆ ಇದೆ. ನನಗೆ ಈ ಕೆಲಸದ ಹುಚ್ಚು ಹಿಡಿದದ್ದು ಇದಕ್ಕೇ.

ತಾರೀಖು ಹೇಗೆ ಹಿಡಿಯುವುದು?

ಮುದ್ರೆಯಲ್ಲಿ ವರ್ಷ ಓದಲು ಬಾರದಿದ್ದರೆ ಚೀಟಿಯ ಮೇಲಿರುವ ರಾಣಿಯ, ದೊರೆಯ ತಲೆ ನೋಡಿ. 1854ರಲ್ಲಿ ಇಡೀ ದೇಶಕ್ಕೆ ಒಂದೇ ದರ ಬಂತು. ಕಾಲು ತೊಲೆ ಪತ್ರಕ್ಕೆ ದೂರ ಎಷ್ಟಿದ್ದರೂ ಅರ್ಧ ಆಣೆ. ಆಗಿನ ಅರ್ಧಾಣೆ ಚೀಟಿ ನೀಲಿ, ಒಂದಾಣೆಯದು ಕೆಂಪು. ರಾಣಿ ವಿಕ್ಟೋರಿಯಾಳ ಚೀಟಿಯಲ್ಲಿ ಈಸ್ಟ್ ಇಂಡಿಯಾ ಅಂತ ಇದ್ದರೆ 1882ಕ್ಕೆ ಮೊದಲು ಅಚ್ಚಾದ ಮಾದರಿ. ಬರೀ ಇಂಡಿಯಾ ಅಂತಿದ್ದರೆ, 1854ರ ಆ ಮೊದಲ ಚೀಟಿಗಳನ್ನು ಬಿಟ್ಟು, ಆ ವರ್ಷದ ಮೇಲಿನದು. ಗಡ್ಡದ ದೊರೆ, ಬೋಳುತಲೆ ಇದ್ದರೆ ಏಳನೇ ಎಡ್ವರ್ಡ್, 1902ರ ನಂತರ. ಕಿರೀಟ ತೊಟ್ಟ ಗಡ್ಡದ ದೊರೆ ಐದನೇ ಜಾರ್ಜ್, 1911ರ ನಂತರ. ಗಡ್ಡವಿಲ್ಲದವರು ಆರನೇ ಜಾರ್ಜ್, 1937ರ ನಂತರ. ಹಳೇ ದಾಸ್ತಾನು ಮುಗಿಯುವತನಕ ಮೂಲೆ ಕಚೇರಿಗಳಲ್ಲಿ ಹಳೇ ಚೀಟಿಯನ್ನೇ ಮಾರುತ್ತಿದ್ದರು. ಹಾಗಾಗಿ ಚೀಟಿ ಹೇಳುವುದು "ಇದಕ್ಕಿಂತ ಹಿಂದಿನದಲ್ಲ" ಅನ್ನುವುದನ್ನು ಮಾತ್ರ.

ಮುದ್ರೆಯಲ್ಲಿ ಊರ ಹೆಸರೇ ಇಲ್ಲದೆ ಸುಮ್ನೆ ಒಂದು ನಂಬರು ಇದ್ದರೆ ಗಾಬರಿ ಬೇಡ. 1855ರ ನಂತರ ಕೆಲವು ಕಾಲ ಚೀಟಿ ಹೊಡೆಯುವ ಮುದ್ರೆಗೆ ಹೆಸರಿನ ಬದಲು ನಂಬರು ಕೊಟ್ಟಿದ್ದರು. ಒಂದೊಂದು ಕಚೇರಿಗೆ ಒಂದೊಂದು ನಂಬರು. ಆ ನಂಬರುಗಳ ಪಟ್ಟಿಯನ್ನು ಅಂಚೆಚೀಟಿ ಸಂಗ್ರಹಕಾರರು ಶ್ರಮಪಟ್ಟು ಕಟ್ಟಿದ್ದಾರೆ. ಬೆಂಗಳೂರು, ಮೈಸೂರು, ಮಂಗಳೂರಿನ ಸಂಗ್ರಹಕಾರರ ಸಂಘಗಳಲ್ಲಿ ಕೇಳಿದರೆ ಪ್ರೀತಿಯಿಂದ ನೋಡಿ ಹೇಳುತ್ತಾರೆ. ಅದೇ ರೀತಿ ಎಕ್ಸ್‌ಪೆರಿಮೆಂಟಲ್ ಪಿ.ಓ. ಅಂತ ಬರೆದು ಒಂದು ಅಕ್ಷರ, ಒಂದು ನಂಬರು ಇರುವ ಮುದ್ರೆ ಸಿಕ್ಕರೆ ಜೋಪಾನ ಮಾಡಿ. ಹೊಸ ಹಳ್ಳಿಯಲ್ಲಿ ಅಂಚೆ ನಡೆಯುತ್ತದೋ ಇಲ್ಲವೋ ಅಂತ ಪರೀಕ್ಷೆಗೆ ತೆರೆದ ಕಚೇರಿಯ ಮುದ್ರೆ ಅದು. ನಡೆದರೆ ಕಾಯಂ, ನಡೆಯದಿದ್ದರೆ ಬಾಗಿಲು. ಊರ ಹೆಸರು ಮುದ್ರೆಯಲ್ಲಿರುವುದಿಲ್ಲ, ಒಳಗಿನ ಪತ್ರದಿಂದಲೇ ತಿಳಿಯಬೇಕು. ಲಕೋಟೆ ಮತ್ತು ಪತ್ರ ಬೇರೆಯಾಗಬಾರದು ಅಂದದ್ದು ಇದಕ್ಕೂ ಸೇರಿ.

ಹೆಸರು ಬದಲಾದ ಊರುಗಳು

ಪಟ್ಟಿಯಲ್ಲಿ ಹುಡುಕುವ ಮುನ್ನ ನಿಮ್ಮೂರನ್ನು ಇಂಗ್ಲಿಷರು ಹೇಗೆ ಬರೆಯುತ್ತಿದ್ದರು ಅಂತ ತಿಳಿದುಕೊಳ್ಳಿ. ಮಡಿಕೇರಿ ಮರ್ಕೇರಾ, ಕುಮಟೆ ಕೂಂಪ್ಟಾ, ಹೊನ್ನಾವರ ಓನೋರ್. ಕೆಲವು ಊರಿಗೆ ಹೆಸರೇ ಬೇರೆ: ಪಾಂಡವಪುರ ಫ್ರೆಂಚ್ ರಾಕ್ಸ್, ರಾಮನಗರ ಕ್ಲೋಸ್‌ಪೇಟೆ, ಕುಶಾಲನಗರ ಫ್ರೇಸರ್‌ಪೇಟೆ, ಭದ್ರಾವತಿ ಬೆಂಕಿಪುರ. ಸಕಲೇಶಪುರದ ಸುತ್ತಿನ ಕಾಫಿ ಸೀಮೆಗೆ ಮಂಜರಾಬಾದ್ ಅನ್ನುತ್ತಿದ್ದರು. ಒಂದೇ ಊರಿಗೆ ಇಪ್ಪತ್ತು ವರ್ಷದಲ್ಲಿ ಮೂರು ಬಗೆಯ ಕಾಗುಣಿತ ಇರುವುದೂ ಉಂಟು. ಎಲ್ಲವನ್ನೂ ಒಂದು ಕಡೆ ಬರೆದುಕೊಂಡು ಆಮೇಲೆ ಹುಡುಕಿ.

ಪಟ್ಟಿ ಮತ್ತು ನಕ್ಷೆ

ಅಂಚೆ ಇಲಾಖೆ ಆಗಾಗ ದೇಶದ ಅಂಚೆ ಕಚೇರಿಗಳ ಪಟ್ಟಿಯನ್ನು ಅಚ್ಚು ಹಾಕುತ್ತಿತ್ತು. ಮದ್ರಾಸಿನಿಂದ ವರ್ಷವರ್ಷ ಬರುತ್ತಿದ್ದ ಪಂಚಾಂಗದಂಥ ಆಲ್ಮನಾಕ್‌ಗಳು, ಕಲ್ಕತ್ತೆಯ ಡೈರೆಕ್ಟರಿಗಳೂ ಇದ್ದವು. ಕಾಫಿ ತೋಟಗಳ ಪಟ್ಟಿಯಲ್ಲಿ ತೋಟದ ಹೆಸರಿನ ಜತೆ ಅದರ ಅಂಚೆಯನ್ನೂ ಕೊಡುತ್ತಿದ್ದರು. ಇವುಗಳಲ್ಲಿ ಹಲವು ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಲೂಯಿಸ್ ರೈಸ್ ಅವರ 1877ರ ಮೈಸೂರು ಗೆಜೆಟಿಯರ್, ಮುಂಬೈ ಸರ್ಕಾರದ 1883ರ ಕೆನರಾ ಗೆಜೆಟಿಯರ್ ಕೂಡ ಅಲ್ಲೇ ಇವೆ. ಅವುಗಳಲ್ಲಿ ದಾರಿ, ಘಟ್ಟ, ಸಂತೆಯ ವಿವರ ಇರುವುದರಿಂದ ಚೀಲ ಯಾವ ದಾರಿಯಲ್ಲಿ ಬಂದಿರಬಹುದು ಅಂತ ಊಹಿಸಲು ಆಧಾರ ಸಿಗುತ್ತದೆ.

ಪಟ್ಟಿ ಬಳಸುವ ಬಗೆ ಸರಳ. ಬೇರೆ ಬೇರೆ ವರ್ಷದ ಎರಡು ಪಟ್ಟಿ ತೆಗೆದುಕೊಳ್ಳಿ. ಮೊದಲನೆಯದರಲ್ಲಿ ನಿಮ್ಮೂರಿಲ್ಲ, ಎರಡನೆಯದರಲ್ಲಿದೆ ಅಂತಾದರೆ ಕಚೇರಿ ತೆರೆದದ್ದು ಆ ನಡುವೆ. ನಡುವಿನ ವರ್ಷದ ಪಟ್ಟಿ ಸಿಕ್ಕ ಹಾಗೆಲ್ಲ ಅಂತರ ಕಿರಿದು ಮಾಡುತ್ತಾ ಬನ್ನಿ. ನಿಮ್ಮೂರಿನ ಎದುರು ಯಾವ ಕಚೇರಿಯ ಕೆಳಗೆ ಅಂತ ಬರೆದಿದೆಯೋ ಅದನ್ನು ತಪ್ಪದೆ ಗುರುತು ಹಾಕಿಕೊಳ್ಳಿ. ಚೀಲ ಹೊರಡುತ್ತಿದ್ದದ್ದು ಅಲ್ಲಿಂದಲೇ. ಹಳೇ ಮದುವೆ ಕರೆಯೋಲೆಯಲ್ಲಿ "ಅಂಚೆ ಇಂಥದ್ದು, ವಯಾ ಇಂಥದ್ದು" ಅಂತ ಇರುತ್ತದಲ್ವಾ? ಆ "ವಯಾ" ಕೂಡ ಹೆಚ್ಚಾಗಿ ಹೇಳುವುದು ಇದನ್ನೇ.

ಸರ್ವೇ ಇಲಾಖೆಯ ಹಳೇ ಒಂದಿಂಚಿನ ನಕ್ಷೆಗಳನ್ನು ಕಡೆಗಣಿಸಬೇಡಿ. ಒಂದು ಮೈಲಿಗೆ ಒಂದು ಇಂಚು ಅಳತೆಯವು. ಊರಿನ ಪಕ್ಕ ಪಿ.ಓ. ಅಂತಿದ್ದರೆ ಬರೀ ಅಂಚೆ, ಟಿ.ಓ. ಅಂತಿದ್ದರೆ ತಂತಿ, ಪಿ.ಟಿ.ಓ. ಅಂತಿದ್ದರೆ ಎರಡೂ. ನಕ್ಷೆಯ ಅಂಚಿನಲ್ಲಿ ಸರ್ವೇ ಮಾಡಿದ ವರ್ಷ ಇರುತ್ತದೆ. ಅಚ್ಚಾದ ವರ್ಷ ಬೇರೆ, ಸರ್ವೇ ವರ್ಷ ಬೇರೆ. ನಿಮಗೆ ಬೇಕಾದದ್ದು ಸರ್ವೇ ವರ್ಷ.

ತಂತಿಯ ಕತೆ ಬೇರೆಯೇ

ಅಂಚೆ ಇದ್ದ ಕಡೆಯೆಲ್ಲ ತಂತಿ ಇರಲಿಲ್ಲ. ಈ ಎರಡನ್ನು ಬೇರೆ ಬೇರೆ ಹುಡುಕಬೇಕು.

ವಿಲಿಯಂ ಓಶಾಗ್ನೆಸ್ಸಿ ಅನ್ನುವ ವೈದ್ಯರು 1839ರಲ್ಲೇ ಕಲ್ಕತ್ತೆಯ ಹತ್ತಿರ ತಂತಿಯ ಪ್ರಯೋಗ ಮಾಡಿದ್ದರು. 1853ರಲ್ಲಿ ದೊಡ್ಡ ಸಾಲುಗಳ ಕೆಲಸ ಶುರುವಾಯಿತು. ಬೆಂಗಳೂರು, ಊಟಿ ಆ ಮೊದಲ ಕಂತಿನಲ್ಲೇ ಇದ್ದವು. ಜನರಿಗೆ ತೆರೆದದ್ದು 1855ರ ಫೆಬ್ರವರಿಯಲ್ಲಿ. ಆಗ ವಿಳಾಸ ಸೇರಿ 16 ಪದಕ್ಕೆ, ಪ್ರತಿ 400 ಮೈಲಿಗೆ ಒಂದು ರೂಪಾಯಿ. ರೂಪಾಯಿಗೆ ಹದಿನಾರು ಆಣೆ. ಒಂದು ತಂತಿಯ ದುಡ್ಡಿನಲ್ಲಿ ಅರ್ಧಾಣೆಯ 32 ಪತ್ರ ಹಾಕಬಹುದಿತ್ತು. ಬಡವರ ಮನೆಗೆ ತಂತಿ ಬಂದರೆ ಓದುವ ಮೊದಲೇ ಅಳು ಶುರುವಾಗುತ್ತಿದ್ದದ್ದು ಸುಮ್ನೆ ಅಲ್ಲ. ಸಾವಿನ ಸುದ್ದಿಗಲ್ಲದೆ ಅಷ್ಟು ಖರ್ಚು ಯಾರೂ ಮಾಡುತ್ತಿರಲಿಲ್ಲ.

ಮೂಲೆ ಊರಿಗೆ ತಂತಿ ಬರುತ್ತಿದ್ದದ್ದು ಮುಖ್ಯವಾಗಿ ಮೂರು ದಾರಿಯಲ್ಲಿ. ಒಂದು, ಸರ್ಕಾರಕ್ಕೇ ಬೇಕಾದರೆ: ದಂಡು, ಬಂದರು, ಜಿಲ್ಲಾ ಕಚೇರಿ. ಎರಡು, ರೈಲು. ರೈಲು ನಿಲ್ದಾಣದ ತಂತಿಯಲ್ಲಿ ಊರವರ ಸಂದೇಶವನ್ನೂ ತೆಗೆದುಕೊಳ್ಳುತ್ತಿದ್ದರು. ಗೋವೆಯ ಗಡಿಯ ಕ್ಯಾಸಲ್‌ರಾಕ್‌ನಂಥ ಕಾಡಿನ ಊರು ಇಡೀ ಲೋಕದ ಜತೆ ಸೇರಿಕೊಂಡದ್ದು ರೈಲಿನಿಂದ. ಮೂರನೆಯದು ನಮಗೆ ಬಹಳ ಉಪಯೋಗದ್ದು, ಗ್ಯಾರಂಟಿ. ಅಲ್ಲಿ ತಂತಿ ಹಾಕಿದರೆ ಇಲಾಖೆಗೆ ನಷ್ಟ ಅಂತ ಕಂಡರೆ, ಕೊರತೆ ತುಂಬಿಕೊಡುತ್ತೇವೆ ಅಂತ ಯಾರಾದರೂ ಬರೆದುಕೊಡಬೇಕಿತ್ತು. ತೋಟದ ಮಾಲೀಕರೋ, ಸ್ಥಳೀಯ ಬೋರ್ಡೋ, ಸಂಸ್ಥಾನವೋ ಮುಂದೆ ಬರುತ್ತಿದ್ದರು. ಹಾಗೆ ಬರೆದುಕೊಟ್ಟಾಗ ಅರ್ಜಿ, ಸಹಿ, ಖರ್ಚಿನ ಅಂದಾಜು ಎಲ್ಲ ಕಡತಕ್ಕೆ ಸೇರುತ್ತಿತ್ತು. ಅಂಥ ಒಂದು ಕಡತ ಸಿಕ್ಕರೆ ಯಾರಿಗೆ ತಂತಿ ಬೇಕಿತ್ತು, ಯಾಕೆ ಬೇಕಿತ್ತು ಅನ್ನುವುದು ಅವರದೇ ಮಾತಿನಲ್ಲಿ ಓದಬಹುದು.

ಮನೆಯಲ್ಲೇ ಸಿಗುವ ಸಾಕ್ಷಿಯೂ ಇದೆ. ಹಳೇ ಮಂಡಿ ಬಿಲ್ಲು, ಅಂಗಡಿ ಲೆಟರ್‌ಹೆಡ್ಡುಗಳ ಮೇಲೆ "ತಂತಿ ವಿಳಾಸ" ಅಂತ ಒಂದು ಚುಟುಕು ಹೆಸರು ಅಚ್ಚಾಗಿರುತ್ತದೆ. ಆ ವ್ಯಾಪಾರಿ ಆ ಹೆಸರನ್ನು ತಂತಿ ಕಚೇರಿಯಲ್ಲಿ ನೋಂದಾಯಿಸಿದ್ದ ಅಂತ ಅರ್ಥ. ಬಿಲ್ಲಿನ ತಾರೀಖಿಗೆ ಅಲ್ಲಿ ತಂತಿ ನಡೆಯುತ್ತಿತ್ತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಡ. ತಂತಿ ಫಾರಂಗಳನ್ನು ಮಾತ್ರ ಹುಡುಕಬೇಡಿ. ಕಚೇರಿಯಲ್ಲಿ ಅವನ್ನು ಸ್ವಲ್ಪ ಕಾಲ ಇಟ್ಟು ನಾಶ ಮಾಡುತ್ತಿದ್ದರು. ಮನೆಯಲ್ಲಿ ಯಾರಾದರೂ ಎತ್ತಿಟ್ಟಿದ್ದರೆ ಉಳಿದಿರುತ್ತದೆ.

ಹಿರಿಯರನ್ನು ಕೇಳುವ ರೀತಿ

"ಬ್ರಿಟಿಷರ ಕಾಲದಲ್ಲಿ ಹೇಗಿತ್ತು?" ಅಂತ ಕೇಳಿದರೆ "ಚೆನ್ನಾಗಿತ್ತು" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ವಸ್ತುವಿನ ಬಗ್ಗೆ ಕೇಳಿ. ಚೀಲ, ಸೀಲು, ಗಂಟೆ, ಹೊಳೆ, ಕೀಲಿಕೈ. ತಂದೆಯ ಕಾಲದಿಂದ ಮನೆಯಲ್ಲೇ ಅಂಚೆ ನಡೆಸಿದ ಅಜ್ಜರೊಬ್ಬರ ಜತೆ ಮಾತಾಡಿದ್ದು ಹೀಗೆ:

"ಚೀಲ ಯಾವ ಹೊತ್ತಿಗೆ ಬರ್ತಿತ್ತು ಅಜ್ಜಾ?"

"ಬೇಸಿಗೆಯಲ್ಲಿ ಹತ್ತು ಗಂಟೆಗೆ. ಮಳೆಗಾಲದಲ್ಲಿ ಹೊಳೆ ಬಿಟ್ಟ ಹೊತ್ತಿಗೆ."

"ಹೊಳೆ ಬಿಡದಿದ್ರೆ?"

"ಆಚೆ ದಂಡೆಯಿಂದ ಕೂಗು ಹಾಕ್ತಿದ್ದ. ದೋಣಿ ಇಳಿಸೋಕೆ ಆಗೋದಿಲ್ಲ ಅಂದ್ರೆ ಚೀಲ ಆಚೆ ಮನೆ ಜಗಲಿ ಮೇಲೇ ಇರ್ತಿತ್ತು ತಂಗೀ. ಎರಡು ದಿನವಾದ್ರೂ ಸರಿ. ಅರಗಿನ ಸೀಲು ಮುಟ್ಟೋ ಧೈರ್ಯ ಯಾರಿಗೂ ಇರಲಿಲ್ಲ."

"ಓಡಿ ಬರ್ತಿದ್ದವರ ಹೆಸರು ನೆನಪಿದೆಯಾ?"

ಅಜ್ಜ ಹೆಸರು ಹೇಳಿದರು, ಮನೆ ಎಲ್ಲಿತ್ತು ಅಂತಲೂ ಹೇಳಿದರು. ಈಟಿಗೆ ಕಟ್ಟಿದ ಗೆಜ್ಜೆಯ ಸದ್ದು ಗದ್ದೆ ಬಯಲಿನ ಆಚೆಯಿಂದಲೇ ಕೇಳುತ್ತಿತ್ತಂತೆ. ಈ ಕೊನೆಯ ಪ್ರಶ್ನೆಯನ್ನು ನೀವೂ ಎಲ್ಲರಿಗೂ ಕೇಳಿ. ಗೆಜೆಟಿಯರಿನಲ್ಲಿ ಕಲೆಕ್ಟರರ ಹೆಸರಿದೆ, ಇಂಜಿನಿಯರರ ಹೆಸರಿದೆ. ಘಟ್ಟ ಹತ್ತಿಳಿದವರ ಹೆಸರಿಲ್ಲ. ಅದು ಇನ್ನೂ ಕೆಲವೇ ಹಿರಿಯರ ಬಾಯಲ್ಲಿ ಉಳಿದಿದೆ, ಅವರ ನಂತರ ಎಲ್ಲೂ ಸಿಗುವುದಿಲ್ಲ.

ಕಾಫಿ ಸೀಮೆಯಲ್ಲಾದರೆ ತೋಟದ ಟಪ್ಪಾಲಿನವರ ಬಗ್ಗೆ ಕೇಳಿ. ಅಂಚೆ ಕಚೇರಿಗೆ ತೋಟದಿಂದ ಬೀಗದ ಚೀಲ ಹೋಗುತ್ತಿತ್ತು. ಒಂದು ಕೀಲಿಕೈ ಪೋಸ್ಟ್ ಮಾಸ್ತರರ ಹತ್ತಿರ, ಇನ್ನೊಂದು ಬಂಗಲೆಯಲ್ಲಿ. ದಿನಾ ಮೈಲಿಗಟ್ಟಲೆ ನಡೆದು ಆ ಚೀಲ ತರುತ್ತಿದ್ದವರ ಮೊಮ್ಮಕ್ಕಳು ಅದೇ ಸುತ್ತಮುತ್ತ ಇರುತ್ತಾರೆ. ತಂತಿ ಯಂತ್ರದ ಮುಂದೆ ಕೂತು ಕಡ್ಡ ಕಟ್ಟ ಸದ್ದನ್ನು ಕಿವಿಯಲ್ಲೇ ಓದಿ ಬರೆದುಕೊಳ್ಳುತ್ತಿದ್ದ ಸಿಗ್ನಲರ್‌ಗಳೂ ಕೆಲವರು ಸಿಕ್ಕಾರು. ತಂತಿ ಸೇವೆ ನಿಂತದ್ದು 2013ರ ಜುಲೈಯಲ್ಲಿ. ಅವರ ಮಾತನ್ನು ಧ್ವನಿಮುದ್ರಣ ಮಾಡಿಕೊಳ್ಳಿ, ಒಪ್ಪಿಗೆ ಕೇಳಿ ಮಾಡಿಕೊಳ್ಳಿ.

ಪತ್ರಾಗಾರದಲ್ಲಿ

ಇಷ್ಟಾದ ಮೇಲೆ ಕಡತ. ಮೈಸೂರು ಸೀಮೆಗೆ ಬೆಂಗಳೂರಿನ ರಾಜ್ಯ ಪತ್ರಾಗಾರ, ಮದ್ರಾಸು ಭಾಗಕ್ಕೆ ಚೆನ್ನೈಯ ಎಗ್ಮೋರಿನ ಪತ್ರಾಗಾರ, ಮುಂಬೈ ಭಾಗಕ್ಕೆ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ಪತ್ರಾಗಾರ. ಕೇಂದ್ರದ ಕಡತಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಅದರ ಅಭಿಲೇಖ್ ಪಟಲ್ ಜಾಲತಾಣದಲ್ಲಿ ಮನೆಯಲ್ಲೇ ಕೂತು ಹುಡುಕಬಹುದು. ಮೊದಲೇ ಕೂಡಿಸಿಟ್ಟ ಇಂಗ್ಲಿಷ್ ಕಾಗುಣಿತಗಳು ಆಗ ಕೆಲಸಕ್ಕೆ ಬರುತ್ತವೆ.

ಎಲ್ಲಕ್ಕಿಂತ ದೊಡ್ಡ ತೊಡಕು ಇಲಾಖೆಯದು. 1914ರವರೆಗೆ ಅಂಚೆ ಮತ್ತು ತಂತಿ ಬೇರೆ ಬೇರೆ ಇಲಾಖೆಗಳು. 19ನೇ ಶತಮಾನದ ತಂತಿ ಕಡತಗಳು ಲೋಕೋಪಯೋಗಿ ಇಲಾಖೆಯ ತಂತಿ ಶಾಖೆಯಲ್ಲಿರುತ್ತವೆ, ಅಂಚೆಯ ಕಡತಗಳು ಹಣಕಾಸಿನ ಕಡೆ. 1905ರ ನಂತರ ಎರಡೂ ವಾಣಿಜ್ಯ ಮತ್ತು ಕೈಗಾರಿಕೆ ಇಲಾಖೆಯ ಕೆಳಗೆ ಬರುತ್ತವೆ. ಸೂಚಿಯಲ್ಲಿ ಅಂಚೆ ಅನ್ನುವ ಪದ ಮಾತ್ರ ನೋಡಿದರೆ ಅರ್ಧ ಕಡತ ಕೈತಪ್ಪುತ್ತದೆ. ರಸ್ತೆ, ಸೇತುವೆ, ದೋಣಿಗಡ, ತೋಟದ ಅರ್ಜಿ ಇವುಗಳ ಕೆಳಗೂ ನೋಡಿ. ಹೊಳೆ ದಾಟುವ ದೋಣಿಯ ಗುತ್ತಿಗೆಯಲ್ಲಿ ಟಪ್ಪಾಲಿನ ಮಾತು ಬಂದೇ ಬರುತ್ತದೆ.

ನಿಮ್ಮೂರ ಇಂದಿನ ಅಂಚೆ ಕಚೇರಿಗೂ ಹೋಗಿ. ಅಷ್ಟು ಹಳೇ ದಾಖಲೆ ಸಿಗುವುದು ಅಪರೂಪ, ಇಂತಿಷ್ಟು ವರ್ಷದ ನಂತರ ಅವರು ನಾಶ ಮಾಡಲೇಬೇಕು. ಆದರೆ ತಪಾಸಣೆಗೆ ಬಂದವರು ಷರಾ ಬರೆದ ಆರ್ಡರ್ ಬುಕ್ಕು, ಗೋಡೆಗೆ ಹುಗಿದ ಕಬ್ಬಿಣದ ತಿಜೋರಿ, ಹಳೇ ತಕ್ಕಡಿ ಕೆಲವು ಕಡೆ ಉಳಿದಿರಬಹುದು. ಫೋಟೋ ತೆಗೆಯಲು ಮೇಲಿನವರ ಅಪ್ಪಣೆ ಪಡೆಯಿರಿ, ಸಣ್ಣ ಕಚೇರಿಯವರನ್ನು ತೊಂದರೆಗೆ ಸಿಕ್ಕಿಸಬೇಡಿ.

ಬರೆದಿಡುವಾಗ

ಒಂದೊಂದು ಸಂಗತಿಯ ಎದುರೂ ಅದು ಎಲ್ಲಿಂದ ಬಂತು ಅಂತ ಬರೆಯಿರಿ: ಮುದ್ರೆಯಿಂದ, ಪಟ್ಟಿಯಿಂದ, ಕಡತದಿಂದ, ಅಜ್ಜನ ಮಾತಿನಿಂದ. "1886ರಲ್ಲಿ ತೆರೆಯಿತು" ಅಂತ ಬರೆಯುವುದಕ್ಕೂ "1886ರ ಪಟ್ಟಿಯಲ್ಲಿ ಮೊದಲು ಕಾಣುತ್ತದೆ" ಅಂತ ಬರೆಯುವುದಕ್ಕೂ ಬಹಳ ವ್ಯತ್ಯಾಸ. ಕಚೇರಿ ಮುಚ್ಚಿ ಮತ್ತೆ ತೆರೆದಿರಬಹುದು, ಪಕ್ಕದ ಹಳ್ಳಿಯಿಂದ ಬಂದಿರಬಹುದು. ಆಮೇಲೆ ಒಂದು ಕೈನಕ್ಷೆ ಬರೆಯಿರಿ. ಲೆಕ್ಕದ ಕಚೇರಿಯಿಂದ ನಿಮ್ಮೂರಿನವರೆಗೆ ಚೀಲ ಬಂದ ದಾರಿ, ಹೊಳೆ ದಾಟುವ ಜಾಗ, ಚೀಲ ಬದಲಾಯಿಸುತ್ತಿದ್ದ ಕಟ್ಟೆ, ಓಡಿದವರ ಹೆಸರು. ಸಾಧ್ಯವಾದರೆ ಆ ದಾರಿಯಲ್ಲಿ ಊರ ಹುಡುಗರನ್ನು ಕರೆದುಕೊಂಡು ಒಮ್ಮೆ ನಡೆದೇ ನೋಡಿ. ಕಟ್ಟೆಯ ಕಲ್ಲು ಎಷ್ಟೋ ಕಡೆ ಇನ್ನೂ ಇದೆ.

ಪ್ರತಿಗಳನ್ನು ಒಂದೇ ಕಡೆ ಇಡಬೇಡಿ. ಪತ್ರ ಕೊಟ್ಟ ಮನೆಯವರಿಗೆ ಒಂದು, ಊರ ಶಾಲೆಗೆ ಒಂದು, ತಾಲೂಕಿನ ಗ್ರಂಥಾಲಯಕ್ಕೆ ಒಂದು. ಮೂಲ ಕಾರ್ಡು, ಲಕೋಟೆಗಳು ಆ ಮನೆಯವರ ಹತ್ತಿರವೇ ಇರಲಿ. ಆಮ್ಲವಿಲ್ಲದ ಕಾಗದದ ಲಕೋಟೆಯಲ್ಲಿ ಹಾಕಿ, ನೆಲದಿಂದ ಮೇಲೆ, ಗೋಡೆಗೆ ತಾಗದ ಹಾಗೆ ಇಡಲು ಹೇಳಿ. ಮಲೆನಾಡಿನಲ್ಲಿ ಗೆದ್ದಲು, ಬೂಸ್ಟು ಎರಡೂ ಗೋಡೆಯಿಂದಲೇ ಬರುತ್ತವೆ.